ಮರೆಯಾದ ಪಾಠ: ಜಾಲಪುಟದ ರಚನೆ, ಶೈಲಿ ಮತ್ತು ಗುರುಮಠಕಲ್ ಎಂಬ ಹೆಸರು

ಯಾದಗಿರಿ ಜಿಲ್ಲೆಯ ಪೂರ್ವದಂಚಿನಲ್ಲಿ, ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಗುರುಮಠಕಲ್ ಪಟ್ಟಣದ ಹೆಸರನ್ನು ಬರೆಯುವ ಬಗೆ ಒಂದೇ ಅಲ್ಲ. ಕನ್ನಡದಲ್ಲಿಯೇ ಗುರುಮಠಕಲ್, ಗುರುಮಿಠಕಲ್, ಗುರುಮಿಟಕಲ್ ಎಂಬ ರೂಪಗಳು ಬಳಕೆಯಲ್ಲಿವೆ. ವಿಧಾನಸಭಾ ಕ್ಷೇತ್ರದ ಹೆಸರು ರೋಮನ್ ಲಿಪಿಯಲ್ಲಿ ‘ಗುರ್ಮಿಟ್ಕಲ್’ ಎಂದು ಓದಿಸಿಕೊಳ್ಳುತ್ತದೆ. ಅಲ್ಲಿ ‘ಗುರು’ವಿನ ಎರಡನೆಯ ಉಕಾರವೂ ಇಲ್ಲ, ‘ಮಠ’ವೂ ಇಲ್ಲ. ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿತ್ತು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ‘ಮ’ ಮತ್ತು ‘ಮಿ’ಗಳ ಭೇದ ಆ ಬರವಣಿಗೆಯಲ್ಲಿ ಕಾಣುವುದೇ ಇಲ್ಲ. ನೆರೆಯ ಸುರಪುರದ ಸ್ಥಿತಿಯೂ ಇದೇ. ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ‘ಶೋರಾಪುರ’ ಎಂದು ಬರೆದ. ಚುನಾವಣಾ ಕ್ಷೇತ್ರದ ರೋಮನ್ ಹೆಸರು ಆ ಉಚ್ಚಾರವನ್ನೇ ಉಳಿಸಿಕೊಂಡಿದೆ. ಹಿಂದೆ ಈ ತಾಲ್ಲೂಕುಗಳೆಲ್ಲ ಸೇರಿದ್ದ ಗುಲಬರ್ಗಾ ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಆಯಿತು. ಆದರೆ ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ.

ಇಂಥ ಊರೊಂದರ ಬಗ್ಗೆ ಜಾಲಪುಟವನ್ನು ಸಿದ್ಧಪಡಿಸುವವರ ಮುಂದೆ ಸಹಜವಾಗಿಯೇ ಒಂದು ಸಮಸ್ಯೆ ನಿಲ್ಲುತ್ತದೆ. ಯಾವ ರೂಪವನ್ನು ಬರೆದರೂ ಇನ್ನೊಂದು ರೂಪದಿಂದ ಹುಡುಕುವವರಿಗೆ ಪುಟ ಸಿಕ್ಕದೆ ಹೋಗಬಹುದು. ಎಲ್ಲ ರೂಪಗಳನ್ನೂ ಬರೆದರೆ ಪುಟದ ಅಂದ ಕೆಡುತ್ತದೆ ಎಂಬ ಅಳುಕು. ಆಗ ಕೈಗೆಟಕುವ ಸುಲಭೋಪಾಯವೆಂದರೆ, ಕಣ್ಣಿಗೆ ಕಾಣಲು ಒಂದು ರೂಪವನ್ನಿಟ್ಟು, ಉಳಿದವನ್ನು ಪುಟದೊಳಗೆ ಬರೆದು, ಶೈಲಿಯ ಒಂದು ಸೂಚನೆಯಿಂದ ಮರೆಮಾಡುವುದು. ಇದರಿಂದ ಯಾರಿಗೂ ಹಾನಿಯಿಲ್ಲವೆಂದೇ ತೋರುತ್ತದೆ. ಆದರೆ ಪಠ್ಯದಲ್ಲಿ ಇರುವುದನ್ನು ಶೈಲಿಯಿಂದ ಇಲ್ಲದಂತೆ ಮಾಡುವ ಈ ರೂಢಿ ಕನ್ನಡದ ಜಾಲಪಠ್ಯವನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸಿದವರು ವಿರಳ. ತಂತ್ರಜ್ಞರು ಇದನ್ನು ಅಲಂಕಾರದ ವಿಷಯವೆಂದು ಬಗೆದರು. ವಿದ್ವಾಂಸರು ಇದನ್ನು ತಂತ್ರಜ್ಞರ ವಿಷಯವೆಂದು ಬಿಟ್ಟರು.

ಜಾಲಪುಟಕ್ಕೆ ಎರಡು ಪದರಗಳಿವೆ. ಮೊದಲನೆಯದು ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿರುವ ರಚನೆ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಉದ್ಧರಣೆ ಎಂದು ಪ್ರತಿ ಭಾಗದ ಅರ್ಥವನ್ನು ಟ್ಯಾಗುಗಳ ಮೂಲಕ ಹೇಳುವುದು ಅದರ ಕೆಲಸ. ಎರಡನೆಯದು ಸ್ಟೈಲ್‌ಶೀಟ್, ಅಂದರೆ ಆ ಶೀರ್ಷಿಕೆ ಯಾವ ಗಾತ್ರದಲ್ಲಿ, ಯಾವ ಬಣ್ಣದಲ್ಲಿ, ಎಲ್ಲಿ ಕಾಣಬೇಕೆಂದು ಹೇಳುವ ಸಿಎಸ್‌ಎಸ್. ಇದರ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮರುವರ್ಷ ಬಂದ ಎಚ್‌ಟಿಎಂಎಲ್ 4, ಅಕ್ಷರದ ರೂಪವನ್ನು ರಚನೆಯೊಳಗೇ ಹೇಳುತ್ತಿದ್ದ ‘ಫಾಂಟ್’ ಟ್ಯಾಗನ್ನು ಕೈಬಿಡತಕ್ಕದ್ದೆಂದು ಸೂಚಿಸಿತು. ಅರ್ಥ ಒಂದು ಕಡೆ, ವೇಷ ಇನ್ನೊಂದು ಕಡೆ ಇರಬೇಕೆಂಬುದು ಈ ವಿಭಜನೆಯ ತತ್ತ್ವ. ವೇಷವನ್ನು ಕಳಚಿದರೂ ಅರ್ಥ ಉಳಿಯಬೇಕು. ಆದರೆ ವೇಷಕ್ಕೆ ಕೊಟ್ಟ ಅಧಿಕಾರಗಳಲ್ಲಿ ‘ಡಿಸ್‌ಪ್ಲೇ: ನನ್’ ಎಂಬುದೂ ಒಂದಾಗಿತ್ತು. ಈ ಸೂಚನೆ ಯಾವ ಭಾಗಕ್ಕೆ ತಗುಲಿತೋ ಆ ಭಾಗ ಪುಟದ ಮೂಲದಲ್ಲಿ ಇದ್ದೂ ಓದುಗನ ಪಾಲಿಗೆ ಇಲ್ಲವಾಗುತ್ತದೆ. ಗುಡಿಯ ಕಂಬದ ಮೇಲಿನ ಶಾಸನಕ್ಕೆ ವರ್ಷವರ್ಷವೂ ಸುಣ್ಣ ಬಳಿಯುವುದನ್ನು ಕ್ಷೇತ್ರಕಾರ್ಯ ಮಾಡಿದ ಶಾಸನತಜ್ಞರೆಲ್ಲ ಬಲ್ಲರು. ಅಕ್ಷರ ಅಳಿದಿರುವುದಿಲ್ಲ, ಸುಣ್ಣ ಕೆರೆದರೆ ಮತ್ತೆ ಮೂಡುತ್ತದೆ. ಆದರೆ ಅಲ್ಲಿ ಅಕ್ಷರವಿದೆಯೆಂದು ಗೊತ್ತಿದ್ದವನು ಮಾತ್ರ ಕೆರೆಯುತ್ತಾನೆ.

ಕನ್ನಡದ ಮಟ್ಟಿಗೆ ಈ ಕಥೆ ಆರಂಭವಾದದ್ದು ತಲೆಕೆಳಗಾಗಿ. ಇಲ್ಲಿ ಮೊದಲು ಮರೆಯಾದದ್ದು ಪಠ್ಯದ ಯಾವುದೋ ಭಾಗವಲ್ಲ, ಇಡೀ ಕನ್ನಡವೇ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತಾದರೂ ಸಾಮಾನ್ಯ ಗಣಕಗಳಲ್ಲಿ ಅದು ಬಳಕೆಗೆ ಬರಲು ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಡನೆ ಬಂದ ‘ತುಂಗಾ’ ಅಕ್ಷರಶೈಲಿಗಾಗಿ 2001ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ 1998ರಲ್ಲಿ ಬಂದ ಬರಹ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ ಮುಂತಾದ ತಂತ್ರಾಂಶಗಳು ಕನ್ನಡಿಗರ ಕೈಗೆ ಗಣಕವನ್ನು ಕೊಟ್ಟಿದ್ದವು. ಅವುಗಳ ಉಪಕಾರ ದೊಡ್ಡದು. ಆದರೆ ಅವು ಅನುಸರಿಸಿದ ದಾರಿ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರತುಣುಕುಗಳ ಚಿತ್ರವನ್ನು ಕೂರಿಸುವುದಾಗಿತ್ತು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಕಾಣುವುದು ಕಡತದಲ್ಲಿ ರೋಮನ್ನಿನ ದೊಡ್ಡ ‘ಪಿ’ ಮತ್ತು ನೆತ್ತಿಯ ಮೇಲೆ ಓರೆಗೆರೆಯುಳ್ಳ ಒಂದು ‘ಎ’. ಇದನ್ನು ಕನ್ನಡವಾಗಿಸುತ್ತಿದ್ದುದು ಫಾಂಟ್ ಒಂದೇ, ಅಂದರೆ ಶೈಲಿ ಒಂದೇ. ಶೈಲಿಯನ್ನು ತೆಗೆದರೆ ಉಳಿಯುತ್ತಿದ್ದುದು ಯಾವ ಭಾಷೆಯೂ ಅಲ್ಲದ ಒಂದು ಗೀಚು.

ಈ ಬಗೆಯ ಪುಟಗಳನ್ನು ಆ ಕಾಲದಲ್ಲಿ ತೆರೆದವರಿಗೆ ಮೊದಲು ಕಾಣುತ್ತಿದ್ದ ಸಾಲು ‘ಕನ್ನಡ ಕಾಣದಿದ್ದರೆ ಈ ಫಾಂಟನ್ನು ಇಳಿಸಿಕೊಳ್ಳಿ’ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ. ಕೆಲವು ತಾಣಗಳು ಪುಟದೊಡನೆಯೇ ಫಾಂಟನ್ನು ಕಳಿಸುವ ವ್ಯವಸ್ಥೆ ಮಾಡಿಕೊಂಡವು; ಮೈಕ್ರೋಸಾಫ್ಟಿನ ತಂತ್ರದಲ್ಲಿ ಸಿದ್ಧವಾದ ಅಂಥ ಫಾಂಟು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಕಣ್ಣಿದ್ದು, ಫಾಂಟಿದ್ದು, ತಕ್ಕ ಬ್ರೌಸರಿದ್ದ ಓದುಗನಿಗೆ ಕನ್ನಡ ಕಂಡಿತು. ಹುಡುಕುಯಂತ್ರಕ್ಕೆ ಕಾಣಲಿಲ್ಲ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಕೇಳಿಸಲಿಲ್ಲ. ಅದು ‘ಪಿ, ಎ’ ಎಂದು ಪ್ರಾಮಾಣಿಕವಾಗಿಯೇ ಓದಿತು, ಏಕೆಂದರೆ ಕಡತದಲ್ಲಿದ್ದದ್ದು ಅದೇ. ಇಂಥ ಪುಟದ ರಚನೆಯಲ್ಲಿ ‘ಈ ಪಠ್ಯದ ಭಾಷೆ ಕನ್ನಡ’ ಎಂದು ಗುರುತಿಸಿದ್ದರೆ ಆ ಗುರುತೇ ಸುಳ್ಳಾಗುತ್ತಿತ್ತು. ರಚನೆ ಮತ್ತು ಶೈಲಿಗಳ ಬೇರ್ಪಡಿಕೆಯ ಬಗ್ಗೆ ಹೊರಗೆ ಚರ್ಚೆ ನಡೆಯುತ್ತಿದ್ದ ವರ್ಷಗಳಲ್ಲಿಯೇ ಕನ್ನಡದ ಸಾವಿರಾರು ಪುಟಗಳು ಅರ್ಥವನ್ನೆಲ್ಲ ಶೈಲಿಯ ವಶಕ್ಕೆ ಒಪ್ಪಿಸಿದವು.

ಇದರ ಋಣ ಇನ್ನೂ ತೀರಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಹುಡುಕಲು ಬರುವಂತೆ ಮಾಡಿದ ‘ವಚನ ಸಂಚಯ’ ಯೋಜನೆಯವರು ಮೊದಲು ಮಾಡಬೇಕಾಗಿ ಬಂದ ಕೆಲಸ ಹಳೆಯ ಫಾಂಟಿನ ಸಂಕೇತಗಳನ್ನು ಯೂನಿಕೋಡಿಗೆ ಮಾರ್ಪಡಿಸುವುದು. ಇದು ಒಂದಕ್ಕೊಂದು ಬದಲಿಸುವ ಕೆಲಸವಲ್ಲ. ‘ಧರ್ಮ’ ಎಂಬ ಶಬ್ದದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ. ಹಳೆಯ ಸಂಕೇತವೂ ಅದನ್ನು ಕೊನೆಯಲ್ಲಿಯೇ ಇಡುತ್ತದೆ. ಯೂನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಂತೆ ಮಕಾರಕ್ಕಿಂತ ಮೊದಲು ಬರುತ್ತದೆ. ಒಂದು ಕಣ್ಣಿನ ಬರಹ, ಇನ್ನೊಂದು ನಾಲಗೆಯ ಬರಹ. ಶೈಲಿಯನ್ನೇ ಪಠ್ಯವೆಂದು ಬಗೆದ ತಪ್ಪನ್ನು ತಿದ್ದಲು ಪ್ರತಿಯೊಂದು ಸಂಯುಕ್ತಾಕ್ಷರವನ್ನೂ ಬಿಚ್ಚಿ ಕಟ್ಟಬೇಕಾಯಿತು. ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಹಳೆಯ ಕಡತಗಳಲ್ಲಿ ಎಷ್ಟು ಗ್ರಂಥಗಳು ಇನ್ನೂ ಆ ‘ಪಿ, ಎ’ ರೂಪದಲ್ಲಿ ಮಲಗಿವೆಯೋ, ಅವುಗಳನ್ನು ಎಬ್ಬಿಸುವುದು ಹಸ್ತಪ್ರತಿ ರಕ್ಷಣೆಯಷ್ಟೇ ಜರೂರಾದ ಕೆಲಸ.

ಯೂನಿಕೋಡ್ ಬಂದ ಮೇಲೆ ಕನ್ನಡ ಪಠ್ಯ ರಚನೆಯೊಳಕ್ಕೆ ಬಂತು. ಮರೆಮಾಡುವ ಕಲೆಯಾದರೋ ಇನ್ನಷ್ಟು ಸೂಕ್ಷ್ಮವಾಯಿತು. ಮೇಲೆ ಹೇಳಿದ ‘ಡಿಸ್‌ಪ್ಲೇ: ನನ್’ ಕಣ್ಣಿನಿಂದಲೂ ಕಿವಿಯಿಂದಲೂ ಪಠ್ಯವನ್ನು ತೆಗೆಯುತ್ತದೆ, ಸ್ಕ್ರೀನ್ ರೀಡರ್ ಕೂಡ ಅದನ್ನು ಓದುವುದಿಲ್ಲ. ಪಠ್ಯವನ್ನು ಪರದೆಯ ಎಡಗಡೆಗೆ ಸಾವಿರಾರು ಬಿಂದುಗಳಷ್ಟು ದೂರ ತಳ್ಳುವುದು ಇನ್ನೊಂದು ಉಪಾಯ. ಆಗ ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಇದಕ್ಕೆ ವಿರುದ್ಧವಾಗಿ, 2014ರಲ್ಲಿ ಮಾನಕವಾದ ‘ಏರಿಯಾ’ ಗುರುತುಗಳಲ್ಲಿ ಕಣ್ಣಿಗೆ ಕಂಡರೂ ಕಿವಿಗೆ ಕೇಳದಂತೆ ಮಾಡುವ ಸೌಲಭ್ಯವೂ ಇದೆ. ಹಿನ್ನೆಲೆಯ ಬಣ್ಣದಲ್ಲಿಯೇ ಅಕ್ಷರವನ್ನು ಬರೆಯುವುದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಒರಟಾದ ಚಾತುರ್ಯ. ಇವೆಲ್ಲವನ್ನೂ ‘ಮರೆಮಾಡುವುದು’ ಎಂಬ ಒಂದೇ ಮಾತಿನಿಂದ ಕರೆಯುವ ರೂಢಿಯಿಂದಾಗಿ ಗೊಂದಲ ಬೆಳೆದಿದೆ. ವಸ್ತುತಃ ಇವು ಯಾರಿಂದ ಮರೆ ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು.

ಈ ವ್ಯತ್ಯಾಸ ತಿಳಿಯದೆ ಆದ ಅನರ್ಥಕ್ಕೆ ಪಶ್ಚಿಮದ ಒಂದು ಪ್ರಸಂಗ ಉದಾಹರಣೆಯಾಗಿದೆ. ಅಂದವಾದ ಅಕ್ಷರಗಳ ಶೀರ್ಷಿಕೆಯನ್ನು ಚಿತ್ರವಾಗಿ ತೋರಿಸಿ, ನಿಜವಾದ ಶೀರ್ಷಿಕೆಯನ್ನು ಶೈಲಿಯಿಂದ ಅಡಗಿಸುವ ವಿಧಾನವೊಂದು 2003ರಲ್ಲಿ ಟಾಡ್ ಫಾರ್ನರ್ ಎಂಬವರ ಹೆಸರಿನಲ್ಲಿ ಜನಪ್ರಿಯವಾಯಿತು. ರಚನೆಯಲ್ಲಿ ಪಠ್ಯ ಉಳಿದಿರುವುದರಿಂದ ಅಂಧ ಓದುಗರಿಗೆ ತೊಂದರೆಯಿಲ್ಲವೆಂಬುದು ಅದರ ಸಮರ್ಥನೆ. ಅದೇ ವರ್ಷ ಜೋ ಕ್ಲಾರ್ಕ್ ಎಂಬ ಲೇಖಕರು ಅಂದಿನ ಸ್ಕ್ರೀನ್ ರೀಡರುಗಳಲ್ಲಿ ಅದನ್ನು ಪರೀಕ್ಷಿಸಿದಾಗ ಅವು ಅಡಗಿಸಿದ ಶೀರ್ಷಿಕೆಯನ್ನು ಓದುವುದಿಲ್ಲವೆಂಬುದು ಸ್ಪಷ್ಟವಾಯಿತು. ಯಾರಿಗಾಗಿ ಪಠ್ಯವನ್ನು ಉಳಿಸಲಾಗಿತ್ತೋ ಅವರಿಗೇ ಅದು ತಲುಪಲಿಲ್ಲ. ಕನ್ನಡದ ಜಾಲತಾಣಗಳಲ್ಲಿ ಶೀರ್ಷಿಕೆಗಳನ್ನು ಚಿತ್ರವಾಗಿ ಹಾಕುವ ಅಭ್ಯಾಸ ಇದಕ್ಕಿಂತ ವ್ಯಾಪಕವಾಗಿತ್ತು, ಇಂದಿಗೂ ಪ್ರಕಟಣೆಗಳನ್ನು ಚಿತ್ರವಾಗಿ ಏರಿಸುವುದು ನಿಂತಿಲ್ಲ. ಇಲ್ಲಿ ಮರೆಮಾಡಲಾದರೂ ಒಂದು ಪಠ್ಯ ಇರುವುದಿಲ್ಲ ಎಂಬುದಷ್ಟೇ ಭೇದ.

ಈಗ ಗುರುಮಠಕಲ್ಲಿನ ಹೆಸರಿನತ್ತ ಮರಳಬಹುದು. ಹುಡುಕುವವರಿಗಾಗಿ ಪರ್ಯಾಯ ರೂಪಗಳನ್ನು ಮರೆಯಲ್ಲಿಡುವುದನ್ನು ಹುಡುಕುಯಂತ್ರಗಳೇ ಒಪ್ಪುವುದಿಲ್ಲ. ಓದುಗನಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವ ಪಠ್ಯವನ್ನು ಗೂಗಲ್ ತನ್ನ ನಿಯಮಾವಳಿಯಲ್ಲಿ ವಂಚನೆಯೆಂದು ಪರಿಗಣಿಸುತ್ತದೆ. ಯಂತ್ರಕ್ಕೊಂದು ಪುಟ, ಓದುಗನಿಗೊಂದು ಪುಟ ತೋರಿಸಿದ್ದಕ್ಕಾಗಿ 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನೇ ಅದು ತನ್ನ ಸೂಚಿಯಿಂದ ತೆಗೆದುಹಾಕಿತ್ತು. ಊರಿನ ಪುಟವನ್ನು ಬರೆಯುವವನ ಉದ್ದೇಶ ಕಾರು ಮಾರುವವನ ಉದ್ದೇಶಕ್ಕಿಂತ ಶುದ್ಧವಾಗಿರಬಹುದು. ಆದರೆ ಯಂತ್ರ ಉದ್ದೇಶವನ್ನು ಓದಲಾರದು. ಅದಕ್ಕಿಂತ ಮುಖ್ಯವಾಗಿ, ಹೆಸರಿನ ರೂಪಾಂತರಗಳು ಹುಡುಕುವ ಅನುಕೂಲಕ್ಕೆಂದು ಹುಟ್ಟಿದ ಶಬ್ದಗಳಲ್ಲ. ಅವು ಆ ಊರಿನ ಚರಿತ್ರೆ. ಉರ್ದು ಕಾಗದದ ನೆನಪು, ತೆಲುಗು ನಾಲಗೆಯ ಸೋಂಕು, ‘ಗುರುಮಠ’ವೆಂಬ ನಂಬಿಕೆ ಇವೆಲ್ಲ ಅವುಗಳಲ್ಲಿ ಅಡಗಿವೆ. ಸ್ಥಳನಾಮ ಸಂಶೋಧಕನು ಹೆಮ್ಮೆಯಿಂದ ಪಟ್ಟಿಮಾಡುವುದನ್ನು ಜಾಲಪುಟದ ರಚನಕಾರ ನಾಚಿ ಬಚ್ಚಿಡುತ್ತಾನೆ.

ಇದೇ ಹೆಸರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಂಶವೂ ಇದೆ. ‘ಗುರುಮಠಕಲ್’ ಎಂಬುದಕ್ಕೆ ‘ನಲ್ಲಿ’ ಸೇರಿಸಿ ಬೆರಳಚ್ಚಿಸಿದರೆ ಲಕಾರದ ಅಡಿಯಲ್ಲಿ ನಕಾರದ ಒತ್ತು ಬಂದು ಕೂರುತ್ತದೆ. ಅದನ್ನು ತಡೆಯಲು ಎರಡರ ನಡುವೆ ಅಗಲವಿಲ್ಲದ ಒಂದು ಅದೃಶ್ಯ ಸಂಕೇತವನ್ನು ಹಾಕಬೇಕು. ಆಗ ‘ಗುರುಮಠಕಲ್‌ನಲ್ಲಿ’ ಎಂದು ಬಿಡಿಯಾಗಿ ಕಾಣುತ್ತದೆ. ಒತ್ತಿನೊಡನೆ ಬರೆದದ್ದೂ ಬಿಡಿಸಿ ಬರೆದದ್ದೂ ಯಂತ್ರಕ್ಕೆ ಎರಡು ಬೇರೆ ಅಕ್ಷರಮಾಲೆಗಳು. ಎಚ್ಚರವಿಲ್ಲದ ತಂತ್ರಾಂಶದಲ್ಲಿ ಒಂದನ್ನು ಹುಡುಕಿದರೆ ಇನ್ನೊಂದು ಸಿಕ್ಕುವುದಿಲ್ಲ. ಕನ್ನಡ ವ್ಯಾಕರಣದಂತೆ ‘ಕಲ್’ ಎಂಬುದು ಕಲ್ಲೇ ಆಗಿದ್ದರೆ ‘ಗುರುಮಠಕಲ್ಲಿನಲ್ಲಿ’ ಎಂದು ಬರೆಯಬಹುದಿತ್ತು, ಅದೃಶ್ಯ ಸಂಕೇತದ ಹಂಗೇ ಬೇಕಾಗುತ್ತಿರಲಿಲ್ಲ. ಊರಿನ ಹೆಸರನ್ನು ಇಂಗ್ಲಿಷ್ ಶಬ್ದದಂತೆ ಬಗೆದು ವಿಭಕ್ತಿಯನ್ನು ಹೊರಗಿನಿಂದ ಅಂಟಿಸುವ ಪತ್ರಿಕಾಶೈಲಿ ಗಣಕಕ್ಕೂ ಕಷ್ಟ ತಂದಿದೆಯೆಂಬುದು ವೈಯಾಕರಣರಿಗೆ ಸ್ವಲ್ಪ ಸಮಾಧಾನ ಕೊಟ್ಟೀತು.

ಶೈಲಿಯ ಮರೆ ಅತ್ಯಂತ ಗಂಭೀರವಾಗುವುದು ಗ್ರಂಥಸಂಪಾದನೆಯ ಕ್ಷೇತ್ರದಲ್ಲಿ. ಡಿ.ಎಲ್. ನರಸಿಂಹಾಚಾರ್ಯರು ಮತ್ತು ಎಂ.ಎಂ. ಕಲಬುರ್ಗಿಯವರು ಶಾಸ್ತ್ರವಾಗಿ ನಿರೂಪಿಸಿದ ಸಂಪಾದನ ವಿಧಾನದ ಒಂದು ಮೂಲ ಆಗ್ರಹವೆಂದರೆ, ಸಂಪಾದಕನು ಒಪ್ಪಿದ ಪಾಠದೊಡನೆ ಅವನು ಒಪ್ಪದ ಪಾಠಾಂತರಗಳೂ ಓದುಗನ ಕೈಗೆ ಸಿಗಬೇಕು ಎಂಬುದು. ಮುದ್ರಿತ ಪುಟದಲ್ಲಿ ಪಾಠಾಂತರ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಣ್ಣದಾದರೂ ಕಾಣುತ್ತದೆ. ಬಹಳ ಓದುಗರು ಅದನ್ನು ನೋಡದೆ ಮುಂದೆ ಹೋಗುತ್ತಾರೆಂಬುದು ನಿಜ. ಆದರೆ ಅಲ್ಲಿ ಇನ್ನೊಂದು ಪಾಠವಿದೆ, ಸಂಪಾದಕನು ಇಲ್ಲೊಂದು ಆಯ್ಕೆ ಮಾಡಿದ್ದಾನೆ ಎಂಬ ಅರಿವನ್ನು ಆ ಸಣ್ಣ ಅಂಕೆ ಪ್ರತಿ ಸಲವೂ ಮೂಡಿಸುತ್ತದೆ. ಪ್ರಾಚೀನ ಪಠ್ಯಗಳ ಗಣಕೀಕರಣಕ್ಕಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಟಿಇಐ ಎಂಬ ಗುರುತುಪದ್ಧತಿಯಲ್ಲಿ, ಇದರ ಐದನೆಯ ಆವೃತ್ತಿ 2007ರಲ್ಲಿ ಬಂತು, ಒಪ್ಪಿದ ಪಾಠ, ಬಿಟ್ಟ ಪಾಠ, ಸಂಪಾದಕನು ತುಂಬಿದ ಅಕ್ಷರ, ಅಸ್ಪಷ್ಟವಾದ ಅಕ್ಷರ, ಲುಪ್ತವಾದ ಭಾಗ ಎಂಬ ಒಂದೊಂದಕ್ಕೂ ಪ್ರತ್ಯೇಕ ಟ್ಯಾಗುಗಳಿವೆ. ರಚನೆಯ ದೃಷ್ಟಿಯಿಂದ ಮುದ್ರಿತ ಗ್ರಂಥಕ್ಕಿಂತ ಇದು ಶ್ರೀಮಂತ. ಆದರೆ ಇವುಗಳಲ್ಲಿ ಓದುಗನಿಗೆ ಯಾವುದು ಕಾಣಬೇಕೆಂಬುದನ್ನು ತೀರ್ಮಾನಿಸುವುದು ಸ್ಟೈಲ್‌ಶೀಟ್. ಒಂದು ಸಾಲಿನ ಸೂಚನೆಯಿಂದ ಎಲ್ಲ ಪಾಠಾಂತರಗಳೂ ಮಾಯವಾಗಬಲ್ಲವು. ಸಂಪಾದಕನು ತುಂಬಿದ ಅಕ್ಷರದ ಸುತ್ತಲಿನ ಚೌಕಾವರಣವೂ ಶೈಲಿಯಿಂದಲೇ ಬರುತ್ತಿದ್ದರೆ, ಆ ಶೈಲಿ ತಪ್ಪಿದ ಕ್ಷಣ ಊಹೆಯು ಶಾಸನವಾಗಿಬಿಡುತ್ತದೆ.

ಸಂಪಾದಕನ ಸಂದೇಹ ಪಠ್ಯದ ಅಲಂಕಾರವಲ್ಲ. ಅದು ಪಠ್ಯದ ಭಾಗ. ಆದ್ದರಿಂದ ಸಂದೇಹವನ್ನು ಸೂಚಿಸುವ ಚಿಹ್ನೆ ರಚನೆಯೊಳಗೆ, ಅಕ್ಷರವಾಗಿಯೇ ಇರಬೇಕು. ಚೌಕಾವರಣವನ್ನು ಸ್ಟೈಲ್‌ಶೀಟಿಗೆ ಬಿಡುವುದು ಟಿಇಐ ತತ್ತ್ವಕ್ಕೆ ಅನುಗುಣವೆಂದೂ, ಟ್ಯಾಗ್ ಇರುವಾಗ ಚಿಹ್ನೆಯೂ ಬೇಕೆನ್ನುವುದು ಪುನರುಕ್ತಿಯೆಂದೂ ತಂತ್ರಜ್ಞರು ವಾದಿಸಬಹುದು. ಈ ವಾದ ಕಡತವನ್ನು ಇಡಿಯಾಗಿ ಪಡೆಯುವವನಿಗೆ ಸರಿ. ಆದರೆ ಜಾಲಪುಟದ ಓದುಗ ಕಡತವನ್ನು ಪಡೆಯುವುದಿಲ್ಲ, ನಾಲ್ಕು ಸಾಲನ್ನು ನಕಲಿಸಿಕೊಂಡು ಹೋಗುತ್ತಾನೆ. ಶೈಲಿಯಿಂದ ಸೇರಿಸಿದ ಆವರಣಚಿಹ್ನೆ ಸಾಮಾನ್ಯವಾಗಿ ನಕಲಿನೊಡನೆ ಬರುವುದಿಲ್ಲ. ಆ ನಾಲ್ಕು ಸಾಲು ವಿದ್ಯಾರ್ಥಿಯ ಪ್ರಬಂಧಕ್ಕೆ, ಅಲ್ಲಿಂದ ಇನ್ನೊಂದು ಪ್ರಬಂಧಕ್ಕೆ ಹೋಗುವಾಗ ಸಂದೇಹದ ಗುರುತಿಲ್ಲದೆ ಹೋಗುತ್ತದೆ. ಕನ್ನಡ ಸಂಶೋಧನೆಯಲ್ಲಿ ಅಚ್ಚಿನ ತಪ್ಪೊಂದು ಹಲವು ಗ್ರಂಥಗಳಿಗೆ ದಾಟಿ ಹೋಗುವುದು ಹೊಸದಲ್ಲ. ಜಾಲದಲ್ಲಿ ಅದಕ್ಕೆ ವೇಗ ಹೆಚ್ಚು.

ಯಾದಗಿರಿ ಸೀಮೆಗೆ ಹತ್ತಿರದಲ್ಲಿಯೇ ಭೀಮಾ ತೀರದ ಸನ್ನತಿಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ನೆನೆಯಬಹುದು. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ಮೂರ್ತಿಯ ಪೀಠವಾಗಿ ಬಳಸಿದ್ದ ಚಪ್ಪಡಿಯು ಅಶೋಕನ ಶಾಸನವೆಂಬುದು ಗೊತ್ತಾದದ್ದು 1986ರಲ್ಲಿ, ಗುಡಿಯ ಮಾಡು ಕುಸಿದ ನಂತರ. ಶತಮಾನಗಳ ಕಾಲ ಆ ಅಕ್ಷರಗಳು ಅಲ್ಲಿಯೇ ಇದ್ದವು. ಮೂರ್ತಿಯನ್ನು ನಿಲ್ಲಿಸಲು ಚಪ್ಪಡಿಯನ್ನು ಕೊರೆದಾಗ ಕೆಲವು ಅಕ್ಷರಗಳು ಹೋದವು. ಮರೆ ಎಂಬುದು ಕೆಲವೊಮ್ಮೆ ರಕ್ಷಣೆಯೂ ಆಗಿರುತ್ತದೆಂಬ ಸಮರ್ಥನೆಗೆ ಸನ್ನತಿ ಆಧಾರವಾಗಬಹುದು. ಮರೆಯಲ್ಲಿದ್ದುದು ಕೇವಲ ಆಕಸ್ಮಿಕದಿಂದ ಹೊರಬರುತ್ತದೆಂಬುದಕ್ಕೂ ಅದೇ ಆಧಾರ.

ಈ ಪ್ರದೇಶಕ್ಕೆ ಮರೆಯ ಇನ್ನೊಂದು ಪರಂಪರೆಯೂ ಇದೆ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ತಮ್ಮ ಕಾಲಜ್ಞಾನ ಸಾಹಿತ್ಯವನ್ನು ಅಮರಗನ್ನಡವೆಂಬ ಪ್ರತ್ಯೇಕ ಲಿಪಿಯಲ್ಲಿ ಬರೆದಿಟ್ಟರು. ವಚನಕಾರರು ಬೆಡಗಿನ ಮರೆಯಲ್ಲಿ ಅನುಭಾವವನ್ನು ಹೇಳಿದ್ದು ಎಲ್ಲರಿಗೂ ತಿಳಿದದ್ದೇ. ಹಾಗಾದರೆ ಜಾಲಪುಟದ ಮರೆಯನ್ನು ಮಾತ್ರ ಆಕ್ಷೇಪಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳಬಹುದು. ವ್ಯತ್ಯಾಸ ಸ್ಪಷ್ಟವಾಗಿದೆ. ಅಮರಗನ್ನಡದ ಹಾಳೆಯನ್ನು ಕಂಡವನಿಗೆ ಓದಲು ಬಾರದಿದ್ದರೂ ಇಲ್ಲಿ ತನಗೆ ತಿಳಿಯದ ಪಠ್ಯವೊಂದಿದೆ ಎಂಬುದು ಕೂಡಲೇ ತಿಳಿಯುತ್ತದೆ. ಬೆಡಗಿನ ವಚನ ಓದುಗನನ್ನು ತಡೆದು ನಿಲ್ಲಿಸಿ, ಬಿಡಿಸೆಂದು ಕರೆಯುತ್ತದೆ. ಅವು ತಮ್ಮ ಮರೆಯನ್ನು ಸಾರಿ ಹೇಳುವ ಮರೆಗಳು. ಶೈಲಿಯಿಂದ ಅಡಗಿಸಿದ ಪಠ್ಯ ಹಾಗಲ್ಲ. ಕಂಡಷ್ಟೇ ಪೂರ್ಣವೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಗೂಢಲಿಪಿಯನ್ನು ಓದಲು ಗುರುವನ್ನು ಹುಡುಕುವವನಿದ್ದಾನೆ. ಇಲ್ಲವೆಂದೇ ತೋರುವುದನ್ನು ಹುಡುಕುವವನಿಲ್ಲ.

ಯಂತ್ರಕ್ಕೆ ಬೇಕಾದ ಮಾಹಿತಿಯನ್ನು ಓದುಗನಿಂದ ಮರೆಯಾಗಿಟ್ಟು ಪುಟವನ್ನು ಅರ್ಥವತ್ತಾಗಿಸುವ ಪ್ರಯತ್ನಗಳೂ ನಡೆದಿವೆ. ದಿನಾಂಕವನ್ನು ಯಂತ್ರಕ್ಕೆ ತಿಳಿಯುವ ಅಂಕೆಗಳಲ್ಲಿ ಬರೆದು ಸಂಕ್ಷೇಪಾಕ್ಷರದ ಟ್ಯಾಗಿನೊಳಗೆ ಅಡಗಿಸುವ ಮೈಕ್ರೋಫಾರ್ಮ್ಯಾಟ್ ವಿಧಾನವನ್ನು ಬಿಬಿಸಿ ತನ್ನ ಕಾರ್ಯಕ್ರಮಗಳ ಪುಟಗಳಿಂದ 2008ರ ಜೂನಿನಲ್ಲಿ ತೆಗೆಯಿತು. ಸ್ಕ್ರೀನ್ ರೀಡರುಗಳು ದಿನಾಂಕದ ಬದಲು ಆ ಅಂಕೆಗಳ ಸರಪಣಿಯನ್ನು ಓದಿಬಿಡಬಹುದೆಂಬುದು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಮುಂದೆ ಎಚ್‌ಟಿಎಂಎಲ್ 5ರಲ್ಲಿ ಕಾಲಸೂಚನೆಗೇ ಪ್ರತ್ಯೇಕ ಟ್ಯಾಗ್ ಬಂತು. ಈ ಪ್ರಸಂಗದಲ್ಲಿ ಗಮನಿಸತಕ್ಕದ್ದು, ಮರೆಯಲ್ಲಿಟ್ಟದ್ದು ತಪ್ಪು ಕಿವಿಗೆ ಬಿತ್ತೆಂಬುದು ಮಾತ್ರವಲ್ಲ. ಕಣ್ಣಿಗೆ ಕಾಣದ ಮಾಹಿತಿ ತಪ್ಪಾಗಿದ್ದರೂ ತಿದ್ದುವವರಿರುವುದಿಲ್ಲ. ಕಾರ್ಯಕ್ರಮದ ದಿನಾಂಕ ಬದಲಾದಾಗ ಕಾಣುವ ದಿನಾಂಕವನ್ನು ತಿದ್ದಿ, ಕಾಣದ ದಿನಾಂಕವನ್ನು ಹಾಗೆಯೇ ಬಿಡುವ ಸಂಭವವೇ ಹೆಚ್ಚು.

ಗುರುಮಠಕಲ್ಲಿನಂಥ ಪಟ್ಟಣದ ಓದುಗನಿಗೆ ಈ ಚರ್ಚೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಅವನಿಗೆ ಜಾಲವೆಂದರೆ ಬಹುಮಟ್ಟಿಗೆ ಅಂಗೈಯಗಲದ ಮೊಬೈಲ್ ಪರದೆ. ಪರದೆಯ ಅಗಲ ಕಡಿಮೆಯಾದಾಗ ಪಟ್ಟಿಯ ಕೆಲವು ಅಂಕಣಗಳನ್ನು, ಪಕ್ಕದ ಟಿಪ್ಪಣಿಗಳನ್ನು ಅಡಗಿಸುವಂತೆ ಸ್ಟೈಲ್‌ಶೀಟುಗಳನ್ನು ಬರೆಯುವುದು ಈಗ ವಾಡಿಕೆ. ಅರ್ಜಿಯ ಕೊನೆಯ ದಿನಾಂಕವೋ, ಬೇಕಾದ ದಾಖಲೆಯ ವಿವರವೋ ಆ ಅಂಕಣದಲ್ಲಿದ್ದರೆ, ನಗರದ ಕಚೇರಿಯ ದೊಡ್ಡ ಪರದೆಯಲ್ಲಿ ಪುಟವನ್ನು ಪರಿಶೀಲಿಸಿ ಒಪ್ಪಿದ ಅಧಿಕಾರಿಗೆ ಅದು ಕಾಣುತ್ತದೆ. ಅದರ ಅಗತ್ಯವಿರುವವನಿಗೆ ಕಾಣುವುದಿಲ್ಲ. ಅಡಗಿಸಿದ ಪಠ್ಯವೂ ಪುಟದೊಡನೆ ಇಳಿದೇ ಬರುತ್ತದೆ, ಅದರ ಡೇಟಾ ಖರ್ಚು ಅವನದೇ. ತನಗೆ ತೋರಿಸದಿದ್ದುದಕ್ಕೂ ಅವನು ಬೆಲೆ ತೆತ್ತಿರುತ್ತಾನೆ.

ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಬಂದ ಮಾರ್ಗಸೂಚಿಯೂ, ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ನಿಲುಕುವಂತಿರಬೇಕೆನ್ನುವ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಈ ವಿಷಯದಲ್ಲಿ ಮೌನವಾಗಿಲ್ಲ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳಿಗೆ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ಆದರೆ ಈ ನಿಯಮಗಳ ಪಾಲನೆಯನ್ನು ಪರೀಕ್ಷಿಸುವ ತಂತ್ರಾಂಶಗಳು ಚಿತ್ರಕ್ಕೆ ವಿವರಣೆಯಿದೆಯೇ, ಶೀರ್ಷಿಕೆಗೆ ಟ್ಯಾಗ್ ಇದೆಯೇ ಎಂದು ನೋಡಬಲ್ಲವೇ ಹೊರತು ಆ ವಿವರಣೆ ಕನ್ನಡದಲ್ಲಿ ಅರ್ಥವಾಗುವಂತಿದೆಯೇ, ಅಡಗಿಸಿದ್ದು ಅಡಗಿಸತಕ್ಕದ್ದೇ ಎಂದು ನಿರ್ಣಯಿಸಲಾರವು. ಅದು ಓದಿನ ಕೆಲಸ, ಅಂದರೆ ವಿಮರ್ಶೆಯ ಕೆಲಸ. ಕೇವಲ ಕಿವಿಗಾಗಿ ಬರೆದು ಕಣ್ಣಿನಿಂದ ಮರೆಮಾಡಿದ ‘ಮುಖ್ಯ ಪಠ್ಯಕ್ಕೆ ಹೋಗಿ’ ಎಂಬಂಥ ಕೊಂಡಿ ಸಾಧುವಾದ ಮರೆ. ಕಣ್ಣುಳ್ಳವನಿಗೆ ಪುಟವೇ ಹೇಳುವುದನ್ನು ಅದು ಕಣ್ಣಿಲ್ಲದವನಿಗೆ ಮಾತಿನಲ್ಲಿ ಹೇಳುತ್ತದೆ. ಇಬ್ಬರಿಗೂ ದೊರೆಯುವ ಅರ್ಥ ಒಂದೇ ಆಗಿದ್ದರೆ ಆಕ್ಷೇಪಕ್ಕೆ ಎಡೆಯಿಲ್ಲ.

ಇಬ್ಬರಿಗೆ ಎರಡು ಅರ್ಥ ದೊರೆಯುವಂತೆ ಮಾಡಿದ ಪ್ರಕರಣವೊಂದು ವಿದ್ವತ್‌ಲೋಕದೊಳಗಿನಿಂದಲೇ 2025ರಲ್ಲಿ ಹೊರಬಂತು. ಜಪಾನಿನ ನಿಕ್ಕೇಯ್ ಪತ್ರಿಕಾಸಂಸ್ಥೆ ಆ ವರ್ಷದ ಜುಲೈನಲ್ಲಿ, ಹದಿನಾಲ್ಕು ವಿದ್ಯಾಸಂಸ್ಥೆಗಳಿಗೆ ಸೇರಿದ ಹದಿನೇಳು ಸಂಶೋಧನ ಲೇಖನಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಅಥವಾ ಕಣ್ಣಿಗೆ ನಿಲುಕದಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದ ಆದೇಶಗಳನ್ನು ಪತ್ತೆಹಚ್ಚಿತು. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಲೇಖನವನ್ನು ಪರಿಶೀಲಿಸಿದರೆ ಅದು ಒಳ್ಳೆಯ ಮಾತನ್ನೇ ಆಡಬೇಕೆಂಬುದು ಆ ಆದೇಶಗಳ ಸಾರ. ಲೇಖನವನ್ನು ತಾವೇ ಓದಬೇಕಾದ ಪರಿಶೀಲಕರು ಯಂತ್ರಕ್ಕೆ ಒಪ್ಪಿಸುವುದನ್ನು ಬಯಲಿಗೆಳೆಯಲು ಹೀಗೆ ಮಾಡಿದ್ದೆಂಬ ಸಮರ್ಥನೆಯೂ ಬಂತು. ಎರಡೂ ಪಕ್ಷಗಳಲ್ಲಿ ಓದು ಎಂಬುದು ಹಿಂದೆ ಸರಿದಿದೆ. ಹುಡುಕುಯಂತ್ರವನ್ನು ಮರುಳುಮಾಡಲು ಹುಟ್ಟಿದ ಒರಟು ಚಾತುರ್ಯ ಇಪ್ಪತ್ತು ವರ್ಷಗಳ ನಂತರ ವಿದ್ವತ್ಪರಿಶೀಲನೆಯ ಅಂಗಳಕ್ಕೆ ಬಂದಿದೆ. ಕನ್ನಡದ ಜಾಲಪಠ್ಯವನ್ನೂ ಇನ್ನು ಮುಂದೆ ಮೊದಲು ಓದುವುದು ಬಹುಮಟ್ಟಿಗೆ ಯಂತ್ರವೇ. ಪುಟದಲ್ಲಿ ಅಡಗಿಸಿಟ್ಟ ಗುರುಮಿಟಕಲ್ ಅದಕ್ಕೆ ಕಾಣುತ್ತದೆ, ಆದರೆ ಅದು ರೂಪಾಂತರವೋ, ತಪ್ಪೋ, ಬೇರೆ ಊರೋ ಎಂಬುದನ್ನು ಹೇಳುವ ಮಾತು ಅಲ್ಲಿರುವುದಿಲ್ಲ.

ಆ ಮಾತನ್ನು ಬರೆಯುವುದು ಕಷ್ಟವಲ್ಲ. ಊರಿನ ಹೆಸರಿನ ಶೀರ್ಷಿಕೆಯ ಕೆಳಗೆ, ಗ್ಯಾಸೆಟಿಯರುಗಳಲ್ಲಿ ಕಾಣುವಂತೆ, ‘ಇತರ ರೂಪಗಳು’ ಎಂಬ ಒಂದು ಸಾಲು ಸಾಕು. ಗುರುಮಿಠಕಲ್, ಗುರುಮಿಟಕಲ್ ಎಂಬ ಕನ್ನಡ ರೂಪಗಳು. ಅವುಗಳ ಮಗ್ಗುಲಲ್ಲಿ ತೆಲುಗಿನ ರೂಪ ತೆಲುಗು ಲಿಪಿಯಲ್ಲಿ, ಉರ್ದುವಿನ ರೂಪ ಬಲದಿಂದ ಎಡಕ್ಕೆ ಅದರ ಲಿಪಿಯಲ್ಲಿ, ಚುನಾವಣಾ ಪಟ್ಟಿಯ ರೋಮನ್ ರೂಪ. ಒಂದೊಂದಕ್ಕೂ ಅದರದರ ಭಾಷೆಯ ಗುರುತನ್ನು ಟ್ಯಾಗಿನಲ್ಲಿ ಕೊಟ್ಟರೆ, ಆಯಾ ಭಾಷೆಯ ಧ್ವನಿ ಇರುವ ಸ್ಕ್ರೀನ್ ರೀಡರ್ ಕನ್ನಡದ ಹೆಸರನ್ನು ಕನ್ನಡದ ಧ್ವನಿಯಲ್ಲಿಯೂ ತೆಲುಗಿನದನ್ನು ತೆಲುಗಿನ ಧ್ವನಿಯಲ್ಲಿಯೂ ಓದಬಲ್ಲದು. ಗಡಿಯ ಆ ಪಟ್ಟಣದ ಸಂತೆಯಲ್ಲಿ ಹೆಸರು ಕೇಳಿಬರುವುದೂ ಹಾಗೆಯೇ.